ತಟ್ಟೆಗೆ ಬಾರದ ಪೈಪು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8

ರಿಪೇರಿ ಶೆಡ್ಡಿನ ಬೀಗ ತೆಗೆದೆ. ನೆಲ ಗುಡಿಸಿದೆ. ಸ್ಪ್ಯಾನರ್‌ಗಳನ್ನು ಎಣಿಸಿದೆ — ಹದಿನಾಲ್ಕರ ಅಳತೆಯದ್ದು ಅದರ ಮೊಳೆಯಲ್ಲಿಲ್ಲ. ಮಾವನ ಜೇಬಿನಲ್ಲಿರುತ್ತದೆ. ಕೇಳಿದರೆ "ನಂಗೇನು ಗೊತ್ತು?" ಎನ್ನುತ್ತಾರೆ, ಅದೇ ಜೇಬಿನ ಮೇಲೆ ಕೈಯಿಟ್ಟುಕೊಂಡು.

ಶನಿವಾರ ರಿಪೇರಿಗೆ ಬಂದಿದ್ದ ವ್ಯಾನ್ ಹೊರಟಿತು. ನಾಲ್ಕೂ ಚಕ್ರದ ಬ್ರೇಕ್ ಬಿಚ್ಚಿ ಜೋಡಿಸಿದ್ದು ನಾನು. ಗಾಡಿ ಪುಸ್ತಕದಲ್ಲಿ ಸಹಿ ಮಾವನದು. ಹನ್ನೊಂದು ವರ್ಷದಿಂದ ಹೀಗೇ. ಗಿರಾಕಿಗಳಿಗೆ ಅವರು ಮೇಸ್ತ್ರಿ, ನಾನು ಸೊಸೆಯಮ್ಮ. ವ್ಯಾನಿನವನು ಹೊರಡುವಾಗ "ಮೇಸ್ತ್ರಿಗಳ ಕೈಗುಣವೇ ಬೇರೆ" ಎಂದ. ಮಾವ ತಲೆಯಾಡಿಸಿದರು. ನಾನು ಕೈ ತೊಳೆಯಲು ಹೋದೆ. ತುಂಬ ಹೊತ್ತು ತೊಳೆದೆ.

ಅದೇ ದಿನ, ಮಧ್ಯಾಹ್ನ

ಕೋಣ ಬಂತು! ನಾಲ್ಕು ಜನ ತಳ್ಳಿಕೊಂಡು ಬಂದರು.

ಕೋಣ ಎಂದರೆ ದನದ ಡಾಕ್ಟರಮ್ಮನ ಜೀಪು. ಇಪ್ಪತ್ತಾರು ವರ್ಷದ್ದು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ. ಕಪ್ಪು ಮೈ, ಮುಂದಿನ ಬಂಪರ್ ಎರಡೂ ತುದಿಯಲ್ಲಿ ಕೋಡಿನಂತೆ ಮೇಲಕ್ಕೆ ಬಾಗಿದೆ. ಆ ಹೆಸರಿಟ್ಟವಳು ನಾನೇ. ಡಾಕ್ಟರಮ್ಮನಿಗೂ ಈಗ ಅದೇ ರೂಢಿ.

"ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಹತ್ತು ನಿಮಿಷ ಬೇಕು. ಏರು ಬಂದ್ರೆ ಉಸಿರು ಕಟ್ಟಿ ನಿಂತುಬಿಡುತ್ತೆ," ಎಂದರು ಡಾಕ್ಟರಮ್ಮ. "ಇಪ್ಪತ್ನಾಲ್ಕನೇ ತಾರೀಖು ಮೇಲಿನ ಹುಲ್ಲುಗಾವಲಿಗೆ ಹೋಗ್ಬೇಕು. ಒಂಬೈನೂರು ಕುರಿಗೆ ಲಸಿಕೆ. ಬೇರೆ ಯಾವ ಗಾಡಿನೂ ಆ ದಾರೀಲಿ ಹತ್ತಲ್ಲ ಮೇಸ್ತ್ರಿಗಳೇ."

ಮಾವ ನನ್ನ ಕಡೆ ನೋಡಿದರು. ನಾನು ಒಂದು ಕ್ಷಣವೂ ತಡೆಯಲಿಲ್ಲ. "ನಾನು ಮಾಡ್ತೀನಿ, ಒಬ್ಬಳೇ," ಎಂದೆ. ಡಾಕ್ಟರಮ್ಮ ಹೋದ ಮೇಲೆ ಮಾವ ಸ್ಟೂಲಿನ ಮೇಲೆ ಕೂತು ಹೇಳಿದ್ದು ಇಷ್ಟು. ಅಕ್ಷರ ಬಿಡದೆ ಬರೆದಿಡುತ್ತೇನೆ.

"ಮಾಡು. ಇಪ್ಪತ್ನಾಲ್ಕಕ್ಕೆ ಇದು ಏರು ಹತ್ತಿದ್ರೆ ಇನ್ಮೇಲೆ ಪುಸ್ತಕದಲ್ಲಿ ನಿನ್ನ ಸಹಿ. ಹತ್ತದೇ ಇದ್ರೆ ಶೆಡ್ಡಿಗೆ ಬೀಗ ಹಾಕೋಣ. ನನ್ನ ಕೈ ನಡುಗುತ್ತೆ. ನಡುಗೋ ಕೈ ಸಹಿ ನಂಬಿಕೊಂಡು ಜನ ಎಷ್ಟು ದಿನ ಗಾಡಿ ಓಡಿಸ್ತಾರೆ? ಒಂದು ಮಾತು... ಟ್ಯಾಂಕಿಗೆ ಮಾತ್ರ ಕೈ ಹಾಕ್ಬೇಡ. ಎರಡು ವರ್ಷದ ಹಿಂದೆ ಅದನ್ನ ಬಿಚ್ಚಿ ಹೊಸ ಪಂಪು ಕೂರಿಸಿದ್ದು ನಾನು. ಅದು ಸರಿಯಾಗಿದೆ."

ನನ್ನ ಸಹಿ. ಈ ಪುಟದ ತುದಿಯಲ್ಲಿ ಮೂರು ಸಲ ಹಾಕಿ ನೋಡಿದೆ. ಮೂರನೆಯದು ಚೆನ್ನಾಗಿದೆ.

ಮಾರ್ಚ್ 4, ಮಂಗಳವಾರ

ಲೆಕ್ಕ ಸರಳ. ಹಿಂದಿನ ಟ್ಯಾಂಕಿನಲ್ಲಿ ಪೆಟ್ರೋಲು, ಪೆಟ್ರೋಲಿನಲ್ಲಿ ಮುಳುಗಿ ಕೂತ ಪಂಪು. ಪಂಪು ಒತ್ತಡದಿಂದ ಮುಂದಕ್ಕೆ ತಳ್ಳಬೇಕು, ಎಂಜಿನ್ ಕುಡಿಯಬೇಕು. ಹೆಚ್ಚಾದದ್ದು ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೇ ವಾಪಸ್.

ಎಂಜಿನ್ ಹತ್ತಿರ ಒತ್ತಡ ಅಳೆಯುವ ಗೇಜ್ ಸಿಕ್ಕಿಸಿದೆ. ಕೀ ತಿರುಗಿಸಿದರೆ ಮುಳ್ಳು ನಲವತ್ತಕ್ಕೆ ಏರಿತು. ಭೇಷ್. ಕೀ ಆಫ್ ಮಾಡಿದೆ. ಅರ್ಧ ಗಂಟೆಯಾದರೂ ನಿಲ್ಲಬೇಕಾದ ಮುಳ್ಳು ಹತ್ತೇ ನಿಮಿಷಕ್ಕೆ ಸೊನ್ನೆ.

ಒತ್ತಡ ಎಲ್ಲಿಗೋ ಹೋಗುತ್ತಿದೆ. ಎಲ್ಲಿಗೆ? ಪೈಪಿನುದ್ದಕ್ಕೂ ಬಿಳಿ ಕಾಗದ ಹಾಸಿ ಗಾಡಿ ಕೆಳಗೆ ತೆವಳಿದೆ. ಒಂದು ಹನಿ ಇಲ್ಲ. ವಾಸನೆಯೂ ಇಲ್ಲ. ಕೂದಲಿಗೆ ಮಾತ್ರ ಒಂದು ಸೇರು ಮಣ್ಣು.

ಮಾರ್ಚ್ 6, ಗುರುವಾರ

ಫಿಲ್ಟರ್! ಬಿಚ್ಚಿ ಬಗ್ಗಿಸಿದರೆ ಕಪ್ಪು ಗಸಿ. ಇಷ್ಟು ಕಸ ಕಟ್ಟಿಕೊಂಡರೆ ಯಾರ ಉಸಿರಾದರೂ ಕಟ್ಟುತ್ತದೆ. ಹೊಸದು ಹಾಕಿದೆ. ಅಂಗಳದಲ್ಲಿ ಎಂಜಿನ್ ಗುರ್ ಎಂದು ಓಡಿತು, ಮುಳ್ಳು ಮೂವತ್ತೆಂಟು. ಡಾಕ್ಟರಮ್ಮನಿಗೆ ಫೋನ್ ಮಾಡಿ "ಗಾಡಿ ರೆಡಿ, ಬನ್ನಿ" ಎಂದೆ. ಗಡುವಿಗೆ ಹದಿನೆಂಟು ದಿನ ಮೊದಲೇ!

ಹಳೆಯ ಫಿಲ್ಟರ್ ತಟ್ಟೆಯಲ್ಲಿಟ್ಟೆ. ಇದು ನಮ್ಮ ಶೆಡ್ಡಿನ ಕಟ್ಟಳೆ. ಗಾಡಿಯಿಂದ ತೆಗೆದ ಸಾಮಾನು, ಅದು ಬೋಲ್ಟ್ ಇರಲಿ ವಾಷರ್ ಇರಲಿ, ಬೆಂಚಿನ ಮೇಲಿನ ಸ್ಟೀಲ್ ತಟ್ಟೆಗೆ ಬರಬೇಕು. ಗಿರಾಕಿಗೆ ತೋರಿಸಿ, ಏನಾಗಿತ್ತು ಎಂದು ಹೇಳಿ, ಆಮೇಲೆ ಪುಸ್ತಕದಲ್ಲಿ ಸಹಿ. ನಲವತ್ತೆರಡು ವರ್ಷದಲ್ಲಿ ಮಾವ ಇದನ್ನು ಒಮ್ಮೆಯೂ ತಪ್ಪಿಸಿಲ್ಲ.

"ಏರು ಹತ್ತಿಸಿ ನೋಡಿದ್ಯಾ?" ಎಂದರು ಮಾವ.

"ನೋಡೋದೇನಿದೆ ಮಾವ? ಮುಳ್ಳು ಮೂವತ್ತೆಂಟರಲ್ಲಿದೆ."

"ಹೂಂ."

ಆ "ಹೂಂ" ನನಗೆ ಹಿಡಿಸಲಿಲ್ಲ. ಇವರ ಬಾಯಲ್ಲಿ ಹೊಗಳಿಕೆ ಎಂದರೆ "ಪರವಾಗಿಲ್ಲ". ಹನ್ನೊಂದು ವರ್ಷದಲ್ಲಿ ನನಗೆ ಸಿಕ್ಕ "ಪರವಾಗಿಲ್ಲ" ನಾಲ್ಕು. ನಾಲ್ಕರ ತಾರೀಖೂ ಇದೇ ಡೈರಿಗಳಲ್ಲಿದೆ.

ಮಾರ್ಚ್ 7, ಶುಕ್ರವಾರ

ಕ್ವಾರಿಯ ಏರಿನ ಮೂರನೇ ತಿರುವಿನಲ್ಲಿ ಕೋಣ ನಿಂತುಬಿಟ್ಟಿತು. ಮೇಲೆ ಹಸುವೊಂದಕ್ಕೆ ಹೆರಿಗೆ ಕಷ್ಟವಾಗಿತ್ತು, ಕರು ಅಡ್ಡ ಬಂದಿತ್ತಂತೆ. ಡಾಕ್ಟರಮ್ಮ ಚೀಲ ಹೆಗಲಿಗೇರಿಸಿ ಒಂದೂವರೆ ಗಂಟೆ ನಡೆದು ಹೋದರು. ಕರು ಬದುಕಿತು. ಹಸುವೂ ಬದುಕಿತು. ಇಲ್ಲದಿದ್ದರೆ ನಾನು ಯಾವ ಮುಖ ಹೊತ್ತು ತಿರುಗುತ್ತಿದ್ದೆ?

ಡಾಕ್ಟರಮ್ಮ ಬೈಯಲಿಲ್ಲ. ಮಾವ ಗಾಡಿ ಪುಸ್ತಕ ತೆರೆದರು. ಫಿಲ್ಟರಿನ ಸಾಲಿನಲ್ಲಿ ಹಾಕಿದ್ದ ಅವರ ಸಹಿಯ ಮೇಲೆ ಒಂದು ಗೆರೆ ಎಳೆದರು, ಅಷ್ಟೆ. ನಾನು ಬಡಾಯಿ ಕೊಚ್ಚಿದ್ದಕ್ಕೆ ಗೆರೆ ಬಿದ್ದದ್ದು ಅವರ ಹೆಸರಿನ ಮೇಲೆ.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಆತುರಗಾರ್ತಿಗೂ ಅಷ್ಟೇ.

ಮಾರ್ಚ್ 10, ಸೋಮವಾರ

ಗೇಜನ್ನು ಉದ್ದ ಪೈಪಿಗೆ ಜೋಡಿಸಿ ಜೀಪಿನ ಮುಂದಿನ ಗಾಜಿನ ಹೊರಗೆ ಟೇಪ್ ಹಾಕಿ ಅಂಟಿಸಿದೆ. ಓಡಿಸುತ್ತಲೇ ಮುಳ್ಳು ಕಾಣಬೇಕು. ಕ್ವಾರಿ ಏರಿಗೆ ಹೊರಟೆ. ಮೊದಲ ತಿರುವು — ಮೂವತ್ತಾರು. ಎರಡನೆಯದು — ಇಪ್ಪತ್ತೆಂಟು. ಮೂರನೆಯದರಲ್ಲಿ ಹದಿನಾಲ್ಕು, ನಿಂತಿತು. ನಾನು ಏರಿಗೆ ಎಳೆದರೆ ಇದು ಇಳಿಜಾರಿಗೆ ಎಳೆಯಿತು. ಗಾದೆ ಮಾಡಿದವರು ಈ ಗಾಡಿ ನೋಡಿಯೇ ಮಾಡಿರಬೇಕು.

ತಣ್ಣಗಾಗುವವರೆಗೆ ಕಲ್ಲಿನ ಮೇಲೆ ಕೂತೆ. ನಲವತ್ತು ನಿಮಿಷದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು. ಅಂದರೆ ಬಿಸಿಯಾದಾಗ, ಭಾರ ಬಿದ್ದಾಗ ಮಾತ್ರ ಕೈಕೊಡುತ್ತದೆ. ಬರೆದುಕೊಂಡೆ.

ವಾಪಸ್ ಬಂದು ರೆಗ್ಯುಲೇಟರ್ ನೋಡಿದೆ. ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಬಿಡುವುದು ಅದೇ. ಅದು ಸಡಿಲವಾಗಿದ್ದರೆ? ವಾಪಸ್ ಪೈಪನ್ನು ಇಕ್ಕಳದಲ್ಲಿ ಬಿಗಿಹಿಡಿದು ಮುಳ್ಳು ನೋಡಿದೆ. ಆಗಲೂ ಹತ್ತು ನಿಮಿಷಕ್ಕೆ ಸೊನ್ನೆ. ರೆಗ್ಯುಲೇಟರ್ ಬಡಪಾಯಿ, ನಿರಪರಾಧಿ.

ಮಾರ್ಚ್ 15, ಶನಿವಾರ

ಐದು ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ.

ಎಂಜಿನ್ನಿಗೆ ಪೆಟ್ರೋಲು ಚಿಮುಕಿಸುವ ನಾಲ್ಕೂ ಇಂಜೆಕ್ಟರ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ತೊಟ್ಟಿಕ್ಕುತ್ತವೆಯೇ ಎಂದು ಕಾದೆ. ಒಣ. ಎಲ್ಲವೂ ಒಣ. ಇನ್ನು ಉಳಿದದ್ದು ಒಂದೇ ಜಾಗ. ಮಾವನ ಮುಂದೆ ಹೋಗಿ ನಿಂತೆ.

"ಮಾವ, ಟ್ಯಾಂಕ್ ಇಳಿಸಬೇಕು."

"ಏನಂದೆ?"

"ಉಳಿದದ್ದೆಲ್ಲ ನೋಡಾಯ್ತು. ಅಲ್ಲೇ ಇದೆ."

"ಅಲ್ಲಿಲ್ಲ! ನಾನು ಕೂರಿಸಿದ ಪಂಪು ಅದು. ನಲವತ್ತೆರಡು ವರ್ಷ ನಾನೇನು ಕತ್ತೆ ಕಾಯ್ತಿದ್ನಾ? ಬೇರೆ ಕಡೆ ಹುಡುಕು."

ಬಿಚ್ಚಿದ ಇಂಜೆಕ್ಟರುಗಳನ್ನು ಮತ್ತೆ ಕೂರಿಸಿದೆ. ನಟ್ಟು ತಿರುಗಿಸುವುದು ಹೇಗೆಂದು ತೋರಿಸಿದ್ದು ಇವರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. "ನಿಂತು ನೋಡಿದ್ರೆ ಬರಲ್ಲ, ಕೈ ಕೊಳೆ ಮಾಡ್ಕೊ" ಎಂದು ಸ್ಪ್ಯಾನರ್ ಕೊಟ್ಟರು. ಯಾವ ಮಾವ ಸೊಸೆಗೆ ಸ್ಪ್ಯಾನರ್ ಕೊಡುತ್ತಾನೆ? ಅವತ್ತಿನಿಂದ ಇವರೆಂದರೆ ನನಗೆ ಹೆಮ್ಮೆ. ಇವತ್ತು ಮಾತ್ರ ಇವರ ತಲೆಗೇ ಆ ಸ್ಪ್ಯಾನರ್ ಎಸೆಯಬೇಕು ಅನ್ನಿಸಿತು.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಯಜಮಾನರಿಗೆ ಹೇಳಿದೆ. ಅಂಚೆ ಕಚೇರಿಯ ಗುಮಾಸ್ತರು ಇವರು. ಪೆಟ್ರೋಲ್ ವಾಸನೆಗೆ ತಲೆ ಸುತ್ತುತ್ತದೆ. ಮೇಸ್ತ್ರಿಯ ಮಗನಾಗಿ ಹುಟ್ಟಿ ಸೈಕಲ್ ಪಂಕ್ಚರೂ ಬಾರದು.

"ಅಪ್ಪನಿಗೆ ಬಾಯಲ್ಲಿ ಹೇಳ್ಬೇಡ, ಕಣ್ಣಿಗೆ ತೋರಿಸು," ಎಂದರು. "ನಮ್ಮಲ್ಲೂ ಅಷ್ಟೆ. ಕಾಗದ ಬಂದಿಲ್ಲ ಅಂತ ಜಗಳಕ್ಕೆ ಬಂದವರಿಗೆ ಅವರದೇ ಸಹಿ ತೋರಿಸಿದ್ರೆ ಸುಮ್ಮನಾಗ್ತಾರೆ."

ಎಲಾ! ನಮ್ಮ ಗುಮಾಸ್ತರಿಗೂ ತಲೆ ಇದೆ.

ಮಾರ್ಚ್ 17, ಸೋಮವಾರ

ಟ್ಯಾಂಕಿನಿಂದ ಹೊರಬರುವ ಪೈಪನ್ನು ಬುಡದಲ್ಲೇ ಹಿಡಿಯಬೇಕೆಂದು ಉಪಾಯ ಮಾಡಿದೆ. ಒತ್ತಡ ಏರಿಸಿ, ಅಲ್ಲೇ ಇಕ್ಕಳದಿಂದ ಬಿಗಿದೆ. ಎಂಜಿನ್ ಕಡೆ ಸೋರಿದರೆ ಮುಳ್ಳು ಬೀಳುತ್ತದೆ. ಟ್ಯಾಂಕಿನ ಕಡೆ ಸೋರುತ್ತಿದ್ದರೆ ಇಕ್ಕಳ ಅದನ್ನು ತಡೆಯುತ್ತದೆ, ಮುಳ್ಳು ನಿಲ್ಲುತ್ತದೆ.

ಮಾವನನ್ನು ಕರೆದು ಗೇಜಿನ ಮುಂದೆ ಸ್ಟೂಲ್ ಹಾಕಿದೆ. ಹತ್ತು ನಿಮಿಷ — ಮೂವತ್ತೊಂಬತ್ತು. ಇಪ್ಪತ್ತು — ಮೂವತ್ತೊಂಬತ್ತು. ಅರ್ಧ ಗಂಟೆ — ಮೂವತ್ತೆಂಟೂವರೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಮುಳ್ಳು ಅಲ್ಲಾಡಲಿಲ್ಲ.

ಎದ್ದು, ಚಪ್ಪಲಿ ಮೆಟ್ಟಿ, ಮನೆಗೆ ಹೋದರು. ಇಳಿಸು ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಹದಿನಾಲ್ಕರ ಸ್ಪ್ಯಾನರನ್ನು ಸ್ಟೂಲಿನ ಮೇಲೆ ಬಿಟ್ಟುಹೋಗಿದ್ದಾರೆ. ಟ್ಯಾಂಕಿನ ಪಟ್ಟಿಯ ಬೋಲ್ಟುಗಳು ಹದಿನಾಲ್ಕರವು.

ಮಾರ್ಚ್ 18, ಮಂಗಳವಾರ. ಮಧ್ಯಾಹ್ನ

ಇಳಿಸಿದೆ. ಪೆಟ್ರೋಲು ಪೂರ್ತಿ ಡಬ್ಬಗಳಿಗೆ ತೆಗೆದು, ಹಲಗೆ ಕೊಟ್ಟು ಜ್ಯಾಕಿನ ಮೇಲೆ ಇಂಚಿಂಚಾಗಿ ಒಬ್ಬಳೇ ಇಳಿಸಿದೆ. ಮುಚ್ಚಳದ ಸುತ್ತಲಿನ ಧೂಳು ಬ್ರಷ್ಷಿನಿಂದ ಗುಡಿಸಿ, ಪಂಪಿನ ಗೂಡನ್ನು ಮೇಲೆತ್ತಿದೆ.

ಪಂಪು ಚೆನ್ನಾಗಿದೆ. ಹೊಳೆಯುತ್ತಿದೆ.

ಪಂಪಿನ ಬಾಯಿಯಿಂದ ಮುಚ್ಚಳದ ಕೊಳವೆಗೆ ಗೇಣುದ್ದದ ಕಪ್ಪು ರಬ್ಬರ್ ಪೈಪಿದೆ. ಮುಟ್ಟಿದರೆ ಬೆರಳಿಗೆ ಮಸಿ ಹತ್ತಿತು. ನೆನೆಸಿಟ್ಟ ಕಡಲೆಯಂತೆ ಉಬ್ಬಿ ಮೆತ್ತಗಾಗಿದೆ. ಬಗ್ಗಿಸಿದರೆ ಮೇಲಿನ ಕ್ಲಿಪ್ಪಿನ ಪಕ್ಕದಲ್ಲಿ ಉಗುರಿನಷ್ಟು ಸೀಳು ಬಾಯಿ ಬಿಟ್ಟಿತು. ತಣ್ಣಗಿದ್ದಾಗ ಸೀಳು ಬಾಯಿ ಮುಚ್ಚಿಕೊಂಡು ಸಣ್ಣಗೆ ಒಸರುತ್ತದೆ. ಬಿಸಿಯಾಗಿ ಭಾರ ಬಿದ್ದರೆ ಬಾಯಿ ತೆರೆದು ಪೆಟ್ರೋಲನ್ನು ಟ್ಯಾಂಕಿಗೇ ಉಗುಳುತ್ತದೆ. ಹೊರಗೆ ಹನಿ ಬೀಳದೆ ಇದ್ದದ್ದಕ್ಕೆ ಇದು ಕಾರಣ. ಮನೆಯೊಳಗೇ ಸೋರಿದರೆ ಬೀದಿಗೆ ಹೇಗೆ ಗೊತ್ತಾಗಬೇಕು?

ಸಿಕ್ಕಿತು, ಸಿಕ್ಕಿತು, ಸಿಕ್ಕಿತು! ಒಬ್ಬಳೇ ಚಪ್ಪಾಳೆ ತಟ್ಟಿದೆ.

ಆಮೇಲೆ ಪೈಪನ್ನು ಒರೆಸಿ ನೋಡಿದೆ. ಇದು ನಮ್ಮ ಶೆಡ್ಡಿನ ಗೋಡೆಗೆ ನೇತುಹಾಕಿದ ಸುರುಳಿಯಿಂದ ಕತ್ತರಿಸಿದ ಪೈಪು. ಹೊರಗಿನ ಕೆಲಸದ್ದು. ಇದರ ಒಳಗೆ ಪೆಟ್ರೋಲು ಹರಿಯಬಹುದು, ಆದರೆ ಇದು ಪೆಟ್ರೋಲಿನಲ್ಲಿ ಮುಳುಗಿರಬಾರದು. ಮುಳುಗಿರುವ ಪೈಪೇ ಬೇರೆ, ತಗಡಿನ ಡಬ್ಬಿಯಲ್ಲಿ ಇಟ್ಟಿರುತ್ತೇವೆ. ನೋಡಲು ಎರಡೂ ಒಂದೇ ಕಪ್ಪು, ಒಂದೇ ದಪ್ಪ. ಮೈಮೇಲಿನ ಅಕ್ಕಿಕಾಳಿಗಿಂತ ಸಣ್ಣ ಅಕ್ಷರ ಓದಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. "ಕುಡಿಯೋ ಪೈಪು ಬೇರೆ, ಸ್ನಾನ ಮಾಡೋ ಪೈಪು ಬೇರೆ" — ಇದನ್ನು ನನಗೆ ಕಲಿಸಿದ್ದೇ ಮಾವ!

ಎರಡು ವರ್ಷದ ಹಿಂದೆ. ನಾನು ತಂಗಿಯ ಹೆರಿಗೆಗೆಂದು ಎರಡು ತಿಂಗಳು ಹೋಗಿದ್ದೆ. ಮಾವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಇನ್ನೂ ಆಗಿರಲಿಲ್ಲ, ಕಣ್ಣು ಮಂಜೆಂದು ಅವರು ಯಾರಿಗೂ ಹೇಳಿಯೂ ಇರಲಿಲ್ಲ. ನನಗಾಗಿ ಕಾಯದೆ ಒಬ್ಬರೇ ಟ್ಯಾಂಕ್ ಬಿಚ್ಚಿದ್ದಾರೆ. ಕೈಗೆ ಸಿಕ್ಕಿದ ಸುರುಳಿಯಿಂದ ಕತ್ತರಿಸಿದ್ದಾರೆ. ಪಂಪಿನ ವೈರನ್ನು ತಂತಿಯಿಂದ ಕಟ್ಟಿ ಎಡಕ್ಕೆ ತಿರುವಿದ್ದಾರೆ. ಎಡಗೈ ಮೇಸ್ತ್ರಿ, ಈ ತಿರುವು ಬೇರೆ ಯಾರದ್ದೂ ಅಲ್ಲ. ಅಕ್ಷರ ಕಾಣದಿದ್ದರೂ ತಂತಿಯ ಸುತ್ತು ಎಣಿಸಿಟ್ಟ ಹಾಗೆ ಸರಿಯಾಗಿ ಏಳು ಇವೆ.

ಚಪ್ಪಾಳೆ ತಟ್ಟಿದ ಕೈ ಅಲ್ಲೇ ನಿಂತಿತು.

ಅದೇ ದಿನ, ಸಂಜೆ

ಡಬ್ಬಿಯಿಂದ ಸರಿಯಾದ ಪೈಪು ತೆಗೆದು, ಅಕ್ಷರ ಎರಡು ಸಲ ಓದಿ, ಕೂರಿಸಿದೆ. ಹೊಸ ಕ್ಲಿಪ್ಪು. ತಂತಿಯನ್ನು ಮಾವನ ಹಾಗೆಯೇ ಎಡಕ್ಕೆ ಏಳು ಸುತ್ತು ತಿರುವಿದೆ. ಯಾಕೆಂದು ಗೊತ್ತಿಲ್ಲ.

ಹಳೆಯ ಪೈಪು ತಟ್ಟೆಗೆ ಹೋಗಬೇಕು. ಹೋಗಲಿಲ್ಲ. ಏಪ್ರನ್ ಜೇಬಿಗೆ ಹೋಯಿತು.

"ಏನಾಗಿತ್ತು?" ಎಂದರು ಮಾವ ಬಾಗಿಲಲ್ಲಿ ನಿಂತೇ.

"ಪಂಪಿನ ವಾಲ್ವಿಗೆ ಕಸ ಸಿಕ್ಕಿತ್ತು ಮಾವ. ತೊಳೆದೆ."

ತೊಳೆದರೆ ತಟ್ಟೆಗೆ ಏನೂ ಬರಬೇಕಾಗಿಲ್ಲವಲ್ಲ. ಎಂಥ ಚೊಕ್ಕ ಸುಳ್ಳು.

"ನಾನು ಹೇಳ್ಲಿಲ್ವಾ? ನನ್ನ ಕೆಲಸ ಸರಿ ಇದೆ ಅಂತ?" ಎಂದರು. ಮುಖ ಅರಳಿತು. ಆ ಮುಖ ನೋಡಿದರೆ ಯಾರಾದರೂ ಅದೇ ಸುಳ್ಳು ಹೇಳುತ್ತಿದ್ದರು.

ಮಾರ್ಚ್ 19, ಬುಧವಾರ

ಈ ಬಾರಿ ಬಾಯಿ ಮುಚ್ಚಿಕೊಂಡು ಏರಿಗೆ ಹೋದೆ. ಹಿಂದೆ ಐದು ಮೂಟೆ ಜಲ್ಲಿ. ನಡು ಮಧ್ಯಾಹ್ನದ ಬಿಸಿಲು. ಮೊದಲ ತಿರುವು — ಮೂವತ್ತೊಂಬತ್ತು. ಎರಡು — ಮೂವತ್ತೊಂಬತ್ತು. ಮೂರನೆಯದರಲ್ಲಿ ಉಸಿರು ಬಿಗಿಹಿಡಿದೆ. ಮುಳ್ಳು ಮೊಳೆ ಹೊಡೆದ ಹಾಗೆ ನಿಂತಿತ್ತು! ನಾಲ್ಕು, ಐದು, ಆಮೇಲೆ ನೆತ್ತಿ.

ಮೇಲೆ ನಿಲ್ಲಿಸಿ ಒಂದು ಗಂಟೆ ಬಿಸಿಲಲ್ಲಿ ಬೇಯಿಸಿದೆ. ಕೀ ತಿರುಗಿಸಿದೆ. ಒಂದೇ ಸಲಕ್ಕೆ ಗುಟುರು ಹಾಕಿತು. ಇಳಿದು ಮತ್ತೆ ಹತ್ತಿಸಿದೆ. ಮೂರನೇ ಸಲ ಬೇಕಾಗಿರಲಿಲ್ಲ, ಖುಷಿಗೆ ಹತ್ತಿಸಿದೆ. ನೆತ್ತಿಯಲ್ಲಿ ನಿಂತು ಜೋರಾಗಿ ಕೂಗಿದೆ. ಕೆಳಗೆ ಕಲ್ಲು ಒಡೆಯುತ್ತಿದ್ದವರು ತಲೆಯೆತ್ತಿ ನೋಡಿದರು. ನೋಡಲಿ. ನಾನು ಮಾಡಿದೆ. ಯಾರ ಸಹಾಯವೂ ಇಲ್ಲದೆ, ಒಂದೊಂದೇ ಜಾಗ ತಟ್ಟಿ ನೋಡಿ, ನಾನೇ ಹುಡುಕಿದೆ. ಈ ಹೆಮ್ಮೆಯನ್ನು ಬಚ್ಚಿಡಲು ನನಗೆ ಬರುವುದಿಲ್ಲ.

ಬರುತ್ತದೆ. ಬಚ್ಚಿಟ್ಟಿದ್ದೇನಲ್ಲ, ಜೇಬಿನಲ್ಲಿ.

ಮಾರ್ಚ್ 21, ಶುಕ್ರವಾರ

ಬಿಡಿಭಾಗದ ಅಂಗಡಿಯವನು ಬಂದಿದ್ದ. ಏನು ಕೇಳಿದರೂ ಮೊದಲು "ಇಲ್ಲ" ಎಂದು ಆಮೇಲೆ ಹುಡುಕುವವನು. ಊರೆಲ್ಲ ಅವನಿಗೆ ಇಟ್ಟ ಹೆಸರೇ "ಇಲ್ಲಪ್ಪ". ಅವನಿಗೆ ಮಾವ ಟೀ ಕುಡಿಸುತ್ತ ಹೇಳುತ್ತಿದ್ದರು. "ನನ್ನ ಸೊಸೆ ಟ್ಯಾಂಕ್ ಇಳಿಸಿ ನೋಡಿದ್ಲು. ಬರೀ ಕಸ. ನಾನು ಹಾಕಿದ ಪೈಪು ಎರಡು ವರ್ಷ ಆದ್ರೂ ಕಲ್ಲಿನ ಹಾಗಿದೆ. ಅಲ್ವೇನಮ್ಮ?"

ನಾನು "ಹೌದು ಮಾವ" ಎಂದೆ. ಕುಂಬಳಕಾಯಿ ಕಳ್ಳನ ಹಾಗೆ ಕೈ ತಾನಾಗಿ ಜೇಬಿಗೆ ಹೋಯಿತು. ಇನ್ನೂ ಪೆಟ್ರೋಲ್ ವಾಸನೆ ಹೊಡೆಯುತ್ತಿದೆ.

ಸೋಮವಾರ ಸಹಿ. ಹನ್ನೊಂದು ವರ್ಷ ಕಾದ ಸಹಿ. ಅದನ್ನು ಪೈಪಿಲ್ಲದ ತಟ್ಟೆಯ ಪಕ್ಕದಲ್ಲಿ ಹಾಕಬೇಕು. ಮಾವ ತಪ್ಪಿಸದ ಕಟ್ಟಳೆಯನ್ನು ತಪ್ಪಿಸಿ ಮೇಸ್ತ್ರಿಯಾಗುವುದಾದರೆ, ಅದೆಂಥ ಮೇಸ್ತ್ರಿ? ಹೇಳಿದರೆ ಅವರ ಹೆಮ್ಮೆ ಹೋಗುತ್ತದೆ. ಹೇಳದಿದ್ದರೆ ನನ್ನದು.

ಪೈಪನ್ನು ಹೂತುಬಿಡಲೇ ಎಂದೂ ಯೋಚಿಸಿದೆ. ಥೂ! ಸಾಮಾನು ಹೂಳುವ ಮಟ್ಟಕ್ಕೆ ಬಂದೆನಲ್ಲ.

ಮಾರ್ಚ್ 23, ಭಾನುವಾರ. ಸಂಜೆ 5

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಏಪ್ರನ್ನೂ ಬಂತು, ನೀರಿಗೆ.

ಭಾನುವಾರ ಬಟ್ಟೆ ಒಗೆಯುವುದು ಯಜಮಾನರ ಪಾಳಿ. ಹಿತ್ತಲಿನ ಹಗ್ಗದ ಮೇಲೆ ನನ್ನ ಏಪ್ರನ್ ನೇತಾಡುತ್ತಿತ್ತು. ಜೇಬು ತಡಕಿದೆ, ಖಾಲಿ.

"ರೀ, ಜೇಬಲ್ಲಿ ಏನೋ ಇತ್ತಲ್ಲ..."

"ಆ ಪೈಪಾ? ಶೆಡ್ಡಿಗೆ ಹೋಗಿ ತಟ್ಟೇಲಿ ಇಟ್ಟು ಬಂದೆ. ಮರೆತಿದ್ದೀಯಾ ಅಂದ್ಕೊಂಡೆ. ತೆಗೆದ ಸಾಮಾನು ತಟ್ಟೆಗೆ ತಾನೇ ಹೋಗ್ಬೇಕು?"

ಹುಟ್ಟಿದಾಗಿನಿಂದ ಶೆಡ್ಡಿನ ಒಂದು ಕೆಲಸ ಕಲಿಯದವರಿಗೆ ಈ ಒಂದು ಕಟ್ಟಳೆ ಮಾತ್ರ ಬಾಯಿಪಾಠ! ಬೈಯಲೂ ಆಗಲಿಲ್ಲ. ಓಡಿದೆ.

ಮಾವ ಸ್ಟೂಲಿನ ಮೇಲೆ ಕೂತಿದ್ದರು. ತಟ್ಟೆ ತೊಡೆಯ ಮೇಲಿತ್ತು. ಆಪರೇಷನ್ ಆದ ಮೇಲೆ ಮಾಡಿಸಿದ ಕನ್ನಡಕ ಮೂಗಿನ ತುದಿಯಲ್ಲಿ. ಪೈಪನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರು. ಕೈ ನಡುಗುವುದರಿಂದ ಪೈಪೂ ನಡುಗುತ್ತಿತ್ತು. ನಾನು ಬಾಗಿಲಲ್ಲೇ ನಿಂತೆ, ಹನ್ನೊಂದು ವರ್ಷದ ಹಿಂದೆ ನಿಂತ ಹಾಗೆ.

ತಲೆ ಎತ್ತದೆ ಕೇಳಿದರು. "ನಾಳೆ ಎಷ್ಟು ಗಂಟೆಗೆ ಬರ್ತಾರೆ?"

"ಏಳಕ್ಕೆ, ಮಾವ."

"ಹೂಂ."

ಊಟಕ್ಕೆ ಬರಲಿಲ್ಲ. ಯಜಮಾನರು ಕರೆಯಲು ಹೋದರೆ ಹಸಿವಿಲ್ಲ ಎಂದರಂತೆ.

ಮಾರ್ಚ್ 24, ಸೋಮವಾರ. ಬೆಳಿಗ್ಗೆ 9

ಒಂದೂ ಬಿಡದೆ, ನಿಧಾನವಾಗಿ ಬರೆಯುತ್ತೇನೆ.

ಏಳಕ್ಕೆ ಸರಿಯಾಗಿ ಡಾಕ್ಟರಮ್ಮ ಬಂದರು, ಲಸಿಕೆಯ ಐಸ್ ಪೆಟ್ಟಿಗೆ ಹೊತ್ತ ಇಬ್ಬರ ಜೊತೆ. ಮಾವ ಮೊದಲೇ ಬಂದು ಶೆಡ್ಡು ತೆಗೆದಿದ್ದರು. ನೆಲ ಗುಡಿಸಿಯಾಗಿತ್ತು! ಒಗೆದ ಅಂಗಿ. ಬೆಂಚಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಹಳೆಯ ಫಿಲ್ಟರ್, ಅದರ ಪಕ್ಕದಲ್ಲಿ ಪೈಪು. ನಾನು ಬಾಯಿ ತೆರೆದೆ. ಮಾವ ಕೈ ಎತ್ತಿ ನಿಲ್ಲಿಸಿದರು.

"ಡಾಕ್ಟರಮ್ಮ, ಇಲ್ಲಿ ನೋಡಿ. ಗಾಡಿ ನಿಲ್ತಿದ್ದದ್ದು ಇದರಿಂದ." ಪೈಪು ಬಗ್ಗಿಸಿ ಸೀಳು ತೋರಿಸಿದರು. ಕನ್ನಡಕ ಸರಿಮಾಡಿಕೊಂಡು ಮೈಮೇಲಿನ ಆ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳಿದರು. "ಇದು ಹೊರಗಿನ ಪೈಪು. ಟ್ಯಾಂಕಿನ ಒಳಗೆ ಹಾಕ್ಬಾರ್ದು. ಹಾಕಿದ್ದು ನಾನು. ಆಗ ನನಗೆ ಈ ಅಕ್ಷರ ಕಾಣ್ತಿರ್ಲಿಲ್ಲ. ಕಾಣಲ್ಲ ಅಂತ ಒಪ್ಕೊಳ್ಳೋಕೆ ಮನಸ್ಸೂ ಇರ್ಲಿಲ್ಲ. ನೀವು ಅವತ್ತು ಏರಲ್ಲಿ ನಡೆದದ್ದು ನನ್ನ ತಪ್ಪಿಗೆ."

ಡಾಕ್ಟರಮ್ಮ ಪೈಪನ್ನು ಕೈಗೆ ತೆಗೆದುಕೊಂಡು ನೋಡಿದರು. "ಮೇಸ್ತ್ರಿಗಳೇ, ನಾನೂ ತಪ್ಪು ಮಾಡಿದೀನಿ. ನಮ್ಮ ಕೆಲಸದಲ್ಲಿ ತಟ್ಟೇಲಿಟ್ಟು ತೋರಿಸೋ ಅಭ್ಯಾಸ ಇಲ್ಲ, ನೋಡಿ," ಎಂದರು.

ಯಾರೋ ನಕ್ಕರು. ಮಾವ ನಗಲಿಲ್ಲ, ಅವರ ಮಾತು ಮುಗಿದಿರಲಿಲ್ಲ.

"ಹುಡುಕಿದ್ದು ಇವಳು. ಅಲ್ಲಿ ಹುಡುಕ್ಬೇಡ ಅಂತ ನಾನೇ ಅಡ್ಡ ನಿಂತಿದ್ದೆ. ಆದ್ರೂ ಹುಡುಕಿದ್ಲು. ನನ್ನ ಕಣ್ಣು, ಕೈ ಎರಡೂ ಸರಿ ಇದ್ದ ಕಾಲದಲ್ಲೂ ನಾನು ಇಷ್ಟು ಬೇಗ ಹುಡುಕ್ತಿರ್ಲಿಲ್ಲ."

ನನ್ನ ಕಣ್ಣು ತುಂಬಿಬಂತು. ತುಂಬಿಬಂತೆಂದೇ ಬರೆಯುತ್ತೇನೆ, ಇದನ್ನು ಓದುವವರು ಯಾರಿದ್ದಾರೆ? ಮಾವ ನನ್ನ ಕಡೆ ತಿರುಗಿದರು. ದನಿ ಇಳಿಸಿದರು.

"ಕಸ ಸಿಕ್ಕಿತ್ತು ಅಂದ್ಯಲ್ಲ?"

"ತಪ್ಪಾಯ್ತು ಮಾವ."

"ಗಾಡಿ ಕೆಲಸದಲ್ಲಿ ತಪ್ಪಾಗುತ್ತಮ್ಮ. ತಟ್ಟೇಲಿ ಆಗ್ಬಾರ್ದು. ನನ್ನ ಮರ್ಯಾದೆ ಉಳಿಸೋಕೆ ಅಂತ ಮಾಡಿದೆ, ಗೊತ್ತು. ಈ ಶೆಡ್ಡಿನ ಮರ್ಯಾದೆ ನನ್ನದಕ್ಕಿಂತ ದೊಡ್ಡದು. ಇನ್ಮೇಲೆ ನಿಂದು ಅದು, ನೆನಪಿರ್ಲಿ."

ಗಾಡಿ ಪುಸ್ತಕವನ್ನು ನನ್ನ ಕಡೆ ತಳ್ಳಿದರು. "ಏನಾಗಿತ್ತು" ಎಂಬ ಕಡೆ ಅವರೇ ಬರೆದಿದ್ದರು, ವಕ್ರ ವಕ್ರ ಅಕ್ಷರದಲ್ಲಿ — "ತಪ್ಪು ಪೈಪು. ಹಾಕಿದವನು ನಾನು." ಅದರ ಮುಂದೆ ಸಹಿಯ ಜಾಗ ಖಾಲಿ. ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು.

ಮೂರು ವಾರದಿಂದ ಪುಟದ ತುದಿಯಲ್ಲಿ ಅಭ್ಯಾಸ ಮಾಡಿದ ಸಹಿ. ಹಾಕಿದೆ. ಓಲಾಡಿತು. ಕಾಗೆ ಕಾಲು ಗುಬ್ಬಿ ಕಾಲು.

"ಇದೇನಮ್ಮ, ನಿನ್ನ ಕೈಯೂ ನನ್ನ ಹಾಗೆ ನಡುಗುತ್ತೆ?" ಎಂದರು ಮಾವ. ಈಗ ನಕ್ಕರು.

ಮಧ್ಯಾಹ್ನ 12.40

ಡಾಕ್ಟರಮ್ಮನ ಫೋನ್. ಗಾಳಿಯ ಸದ್ದು, ಕುರಿಗಳ ಸದ್ದು. "ಮೇಲಿದೀವಿ! ಎಲ್ಲೂ ನಿಲ್ಲಿಲ್ಲ. ನಿಮ್ಮ ಕೋಣ ಕುರಿಗಳ ಮಧ್ಯೆ ರಾಜನ ಹಾಗೆ ನಿಂತಿದೆ."

ಮಾವನಿಗೆ ಕೂಗಿ ಹೇಳಿದೆ. ಐದನೆಯ "ಪರವಾಗಿಲ್ಲ" ಬರುತ್ತದೆಯೇ ಎಂದು ಕಿವಿ ನಿಮಿರಿಸಿದೆ. ಬರಲಿಲ್ಲ. ಅವರು ಸ್ಟೂಲ್ ಹತ್ತಿ ಗೋಡೆಗೆ ಮೊಳೆ ಹೊಡೆಯುತ್ತಿದ್ದರು, ಎಡಗೈಯಲ್ಲಿ ಸುತ್ತಿಗೆ. ನಾಲ್ಕು ಏಟು ಗೋಡೆಗೆ, ಒಂದು ಹೆಬ್ಬೆರಳಿಗೆ. ಪೈಪಿನ ಸುರುಳಿಯ ಮೇಲೆ, ಎಲ್ಲರ ಕಣ್ಣಿಗೂ ಬೀಳುವ ಹಾಗೆ, ಆ ಗೇಣುದ್ದದ ತುಂಡನ್ನು ನೇತುಹಾಕಿದರು. "ಇರ್ಲಿ. ನಾಳೆ ನೀನೂ ಅವಸರದಲ್ಲಿ ಕತ್ತರಿಸೋಕೆ ಹೋಗ್ತೀಯ," ಎಂದರು. ತಗಡಿನ ಡಬ್ಬಿಯ ಮೇಲೆ ಬಿಳಿ ಬಣ್ಣದಲ್ಲಿ "ಸ್ನಾನ ಮಾಡೋ ಪೈಪು" ಎಂದು ಬೆರಳುದ್ದದ ಅಕ್ಷರದಲ್ಲಿ ಬರೆಯಲು ನನಗೆ ಹೇಳಿದ್ದಾರೆ. ಬರೆದು ಬಂದೆ.

ಹದಿನಾಲ್ಕರ ಸ್ಪ್ಯಾನರ್ ಮೊಳೆಯಲ್ಲಿದೆ.

ಸಂಜೆ 4

ಹೊರಗೆ ಯಾವುದೋ ಟ್ರ್ಯಾಕ್ಟರ್ ಬಂದು ನಿಂತ ಸದ್ದು. ಕೆಮ್ಮುತ್ತಿದೆ, ಒಂದು ಸಿಲಿಂಡರ್ ಹೊಡೆಯುತ್ತಿಲ್ಲ, ಇಲ್ಲಿಂದಲೇ ಗೊತ್ತಾಗುತ್ತದೆ. ಯಾರೋ "ಮೇಸ್ತ್ರಿಗಳೇ, ಸ್ವಲ್ಪ ನೋಡ್ತೀರಾ?" ಎಂದು ಮಾವನನ್ನು ಕೇಳುತ್ತಿದ್ದಾರೆ.

ಮಾವನ ದನಿ. "ನನ್ನ ಯಾಕೆ ಕೇಳ್ತೀಯಪ್ಪ? ಮೇಸ್ತ್ರಿ ಒಳಗಿದ್ದಾರೆ. ಕೂತ್ಕೊ, ಕರೀತೀನಿ."

ಒಂದು ಕ್ಷಣ ನಾನೂ ಒಳಗೆ ಯಾರಿದ್ದಾರೆ ಎಂದು ತಿರುಗಿ ನೋಡಿದೆ. ಒಳಗೆ ಯಾರೂ ಇಲ್ಲ. ಒಳಗೆ ನಾನು —